ಮರುಭೂಮಿಯ ಉದ್ಯಾನಗಳಿಗೆ ಕಾರಿನಲ್ಲಿ: ನಿವೃತ್ತ ದಂಪತಿಗೆ ಯಾವ ದಾರಿ?

ಬೆಂಗಳೂರಿನ ನಿವೃತ್ತ ದಂಪತಿಗಳು ಅಮೆರಿಕಕ್ಕೆ ಹೋಗಿಬರುವ ಕಾಲ ಹೆಚ್ಚುಕಡಿಮೆ ಗೊತ್ತಿರುವುದೇ. ಯುಗಾದಿ ಮುಗಿಸಿ ವಿಮಾನ ಹತ್ತುತ್ತಾರೆ, ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಐದಾರು ತಿಂಗಳು ಇರುತ್ತಾರೆ, ಬೊಂಬೆ ಕೂರಿಸುವ ಹೊತ್ತಿಗೆ ಜಯನಗರಕ್ಕೋ ಮಲ್ಲೇಶ್ವರಕ್ಕೋ ವಾಪಸ್. ಅಲ್ಲಿನ ಚಳಿ ತಪ್ಪಿಸುವುದಕ್ಕೆ ಇದು ಒಳ್ಳೆಯ ಲೆಕ್ಕ. ಮರುಭೂಮಿ ನೋಡುವುದಕ್ಕೆ ಮಾತ್ರ ತಲೆಕೆಳಗಾದ ಲೆಕ್ಕ. ನೆವಾಡಾ, ಯೂಟಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳ ಮರುಭೂಮಿ ಉದ್ಯಾನಗಳು ಹಿತವಾಗಿರುವುದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಹಾಗಾಗಿ "ಯಾವ ಜಾಗ ಚೆಂದ" ಎನ್ನುವುದಕ್ಕಿಂತ ಮೊದಲು "ನಾವು ಅಲ್ಲಿರುವುದು ಯಾವ ತಿಂಗಳು" ಎಂದು ಕೇಳಿಕೊಳ್ಳಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಲ್ಲಿ ತೂಗುತ್ತಿರುವುದು ನಾಲ್ಕು ದಾರಿಗಳನ್ನು: ಲಾಸ್ ವೇಗಸ್‌ನಿಂದ ಯೂಟಾದ ಕೆಂಪು ಬಂಡೆಗಳ ಸುತ್ತು, ಡೆತ್ ವ್ಯಾಲಿ ಮತ್ತು ಜೋಶುವಾ ಟ್ರೀ, ಅರಿಜೋನಾದ ಸಗ್ವಾರೋ ಕಡೆ, ಮತ್ತೆ ವೀಸಾದ ಗೊಡವೆಯೇ ಬೇಡ ಎನ್ನುವವರಿಗೆ ನಮ್ಮದೇ ಗುಜರಾತಿನ ಕಛ್.

ಯಾವುದರ ಮೇಲೆ ಅಳೆಯಬೇಕು

ತಿಂಗಳು ಮೊದಲನೆಯದು. ಎರಡನೆಯದು ಎತ್ತರ. ಮರುಭೂಮಿ ಅಂದರೆ ಸಮತಟ್ಟಾದ ಮರಳು ಎಂದುಕೊಂಡು ಹೋದವರು ಬ್ರೈಸ್ ಕ್ಯಾನ್ಯನ್‌ನಲ್ಲಿ ಏದುಸಿರು ಬಿಡುತ್ತಾರೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಬ್ರೈಸ್‌ನ ಅಂಚಿನಲ್ಲಿ ಕಾರು ನಿಲ್ಲಿಸುವ ಜಾಗವೇ 2,400 ಮೀಟರ್ ದಾಟಿರುತ್ತದೆ, ರಸ್ತೆ ಮುಗಿಯುವ ರೇನ್‌ಬೋ ಪಾಯಿಂಟ್ 2,778 ಮೀಟರ್. ಹೃದಯದ ತೊಂದರೆ, ಉಬ್ಬಸ ಇದ್ದವರು ಟಿಕೆಟ್ ಮಾಡಿಸುವ ಮೊದಲು ವೈದ್ಯರ ಮುಂದೆ ಈ ಅಂಕಿಗಳನ್ನೇ ಇಟ್ಟು ಕೇಳುವುದು ಮೇಲು. ಬರೇ "ಅಮೆರಿಕ ಟೂರ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಮೂರನೆಯದು ದಿನಕ್ಕೆ ಎಷ್ಟು ಗಂಟೆ ಓಡಿಸುವುದು ಎಂಬುದು. ಅರವತ್ತೈದು ದಾಟಿದವರಿಗೆ ಮೂರೂವರೆ ಗಂಟೆ ಹಿತವಾದ ಮಿತಿ, ಐದು ಗಂಟೆ ಕೊನೆಯ ಮಿತಿ. ಕತ್ತಲಾದ ಮೇಲೆ ಬೇಡವೇ ಬೇಡ. ಬೇಲಿಯಿಲ್ಲದ ಬಯಲಿನಲ್ಲಿ ಜಿಂಕೆ, ದನ ರಸ್ತೆಗೆ ಬರುತ್ತವೆ, ಬೀದಿದೀಪ ಇರುವುದಿಲ್ಲ. ಕಣ್ಣಿನ ಪೊರೆ ಶುರುವಾಗಿರುವವರಿಗಂತೂ ಸೂರ್ಯ ಮುಳುಗುವ ಹೊತ್ತಿಗೆ ಪಶ್ಚಿಮಕ್ಕೆ ಓಡಿಸುವುದೂ ಕಷ್ಟ.

ನಾಲ್ಕನೆಯದು ಮಂಡಿ. ಕಾರು ನಿಲ್ಲಿಸಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ನೋಟ ಸಿಗುವ ಉದ್ಯಾನಗಳಿವೆ, ಎರಡು ಕಿಲೋಮೀಟರ್ ಹತ್ತಿದರಷ್ಟೇ ಸಿಗುವವೂ ಇವೆ. ಆಸ್ಪತ್ರೆ, ಸಸ್ಯಾಹಾರ, ಶೌಚಾಲಯ, ದುಡ್ಡು ಇವೆಲ್ಲ ಆಮೇಲಿನವು. ಆದರೆ ದುಡ್ಡಿನ ಲೆಕ್ಕ ಈಚೆಗೆ ಬದಲಾಗಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡಲೇಬೇಕು.

ಪ್ರವೇಶ ಶುಲ್ಕ: ಹಳೆಯ ಸಲಹೆ ಈಗ ನಡೆಯುವುದಿಲ್ಲ

"80 ಡಾಲರ್‌ನ ವಾರ್ಷಿಕ ಪಾಸ್ ತೊಗೊಳ್ಳಿ, ಎಲ್ಲ ಪಾರ್ಕೂ ಆಗುತ್ತೆ" ಎಂದು ಹಿಂದೆ ಹೋಗಿಬಂದ ನೆಂಟರು ಹೇಳುತ್ತಾರೆ. 2026ರ ಜನವರಿ 1ರಿಂದ ಆ ಬೆಲೆ ಅಮೆರಿಕದ ನಿವಾಸಿಗಳಿಗೆ ಮಾತ್ರ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ವಾರ್ಷಿಕ ಪಾಸ್ 250 ಡಾಲರ್. ಪಾಸ್ ಇಲ್ಲದೆ ಹೋದರೆ ಹೆಚ್ಚು ಜನ ನುಗ್ಗುವ 11 ಉದ್ಯಾನಗಳಲ್ಲಿ, 16 ವರ್ಷ ಮೇಲ್ಪಟ್ಟ ಪ್ರತಿ ಹೊರದೇಶದವರಿಗೂ ಮಾಮೂಲಿ ಶುಲ್ಕದ ಮೇಲೆ 100 ಡಾಲರ್ ಹೆಚ್ಚುವರಿ. ಮರುಭೂಮಿ ಸುತ್ತಿನಲ್ಲಿ ಈ ಪಟ್ಟಿಗೆ ಬೀಳುವುದು ಜಯಾನ್, ಬ್ರೈಸ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್. ಡೆತ್ ವ್ಯಾಲಿ, ಜೋಶುವಾ ಟ್ರೀ, ಸಗ್ವಾರೋ, ಆರ್ಚಸ್ ಪಟ್ಟಿಯಲ್ಲಿಲ್ಲ.

ಲೆಕ್ಕ ಹಾಕಿ ನೋಡಿ. ಜಯಾನ್ ಮತ್ತು ಬ್ರೈಸ್‌ಗೆ ಪಾಸ್ ಇಲ್ಲದೆ ಇಬ್ಬರು ಹೋದರೆ ಕಾರಿಗೆ 35, ತಲೆಗೆ ನೂರರಂತೆ 200, ಒಟ್ಟು 235. ಎರಡಕ್ಕೂ ಸೇರಿ 470 ಡಾಲರ್. ಒಂದೇ ಕಾರಿನಲ್ಲಿರುವ ಗಂಡ ಹೆಂಡತಿಗೆ ಒಂದೇ ಪಾಸ್ ಸಾಕು, ಅಂದರೆ 250ರಲ್ಲಿ ಮುಗಿಯುತ್ತದೆ. ಅದೇ ಡೆತ್ ವ್ಯಾಲಿ, ಜೋಶುವಾ ಟ್ರೀ ಎರಡನ್ನೇ ನೋಡುವವರಿಗೆ ಕಾರಿಗೆ ತಲಾ 30ರಂತೆ 60 ಡಾಲರ್, ಪಾಸ್ ಕೊಳ್ಳುವುದು ವ್ಯರ್ಥ. ಸಗ್ವಾರೋ 25, ಪೆಟ್ರಿಫೈಡ್ ಫಾರೆಸ್ಟ್ 25. ಆದರೆ ಇವೆರಡರ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿಸಿದ ಕೂಡಲೇ ಮೊತ್ತ 285ಕ್ಕೆ ಏರುತ್ತದೆ, ಆಗ ಮತ್ತೆ ಪಾಸೇ ಅಗ್ಗ. ಒಮ್ಮೆ ಕಟ್ಟಿದ ಕಾರಿನ ಶುಲ್ಕ 7 ದಿನ ನಡೆಯುತ್ತದೆ, ರಸೀದಿ ಎಸೆಯಬೇಡಿ. ಹಲವು ಗೇಟುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.

62 ದಾಟಿದ ಹಿರಿಯರ ಅಗ್ಗದ ಪಾಸ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮ ಸೀನಿಯರ್ ಸಿಟಿಜನ್ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ.

ಯೂಟಾ ಸುತ್ತು: ನೋಟದಲ್ಲಿ ಮೊದಲು, ಆಯಾಸದಲ್ಲೂ ಮೊದಲು

ಲಾಸ್ ವೇಗಸ್‌ನಲ್ಲಿ ಇಳಿದು ಕಾರು ಹಿಡಿದರೆ ಜಯಾನ್ ಬಾಗಿಲಿನ ಸ್ಪ್ರಿಂಗ್‌ಡೇಲ್ ಊರಿಗೆ 260 ಕಿಲೋಮೀಟರ್, ಮೂರು ಗಂಟೆ. ಅಲ್ಲಿಂದ ಬ್ರೈಸ್ 135, ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್ ಪಕ್ಕದ ಟೋರಿ ಸುಮಾರು 190, ಟೋರಿಯಿಂದ ಮೋಬ್ 240. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎರಡೂ ಮೋಬ್‌ಗೆ ಹತ್ತಿರ. ಇಲ್ಲಿಯವರೆಗೆ ಎಲ್ಲ ಸುಖ. ಎಡವಟ್ಟಾಗುವುದು ವಾಪಸ್ ಬರುವಾಗ. ಮೋಬ್‌ನಿಂದ ಲಾಸ್ ವೇಗಸ್‌ಗೆ 740 ಕಿಲೋಮೀಟರ್. "ಹೈವೇ ಚೆನ್ನಾಗಿದೆ, ಒಂದೇ ದಿನಕ್ಕೆ ಹೊಡೆದುಬಿಡೋಣ" ಎಂದು ಮಕ್ಕಳು ಹೇಳುತ್ತಾರೆ. ಅವರ ವಯಸ್ಸಿಗೆ ಅದು ಸರಿ. ನೀವು ನಡುವೆ ರಿಚ್‌ಫೀಲ್ಡ್‌ನಲ್ಲೋ ಸೀಡರ್ ಸಿಟಿಯಲ್ಲೋ ಒಂದು ರಾತ್ರಿ ಉಳಿಯಲೇಬೇಕು. ಐ-70 ಹೆದ್ದಾರಿಯಲ್ಲಿ ಗ್ರೀನ್ ರಿವರ್‌ನಿಂದ ಸಲೈನಾವರೆಗೆ ಸುಮಾರು 175 ಕಿಲೋಮೀಟರ್ ಪೆಟ್ರೋಲ್ ಬಂಕೂ ಇಲ್ಲ, ಊರೂ ಇಲ್ಲ. ಗ್ರೀನ್ ರಿವರ್‌ನಲ್ಲಿ ಟ್ಯಾಂಕ್ ತುಂಬಿಸಿ, ಶೌಚಾಲಯಕ್ಕೂ ಅಲ್ಲೇ ಹೋಗಿಬನ್ನಿ.

ಮಂಡಿನೋವಿರುವವರಿಗೆ ಐದರಲ್ಲಿ ಅತಿ ಸುಲಭ ಜಯಾನ್. ಮಾರ್ಚ್‌ನಿಂದ ನವೆಂಬರ್‌ವರೆಗೆ ಕಣಿವೆಯ ಒಳರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ, ಉಚಿತ ಷಟಲ್ ಬಸ್ಸಿನಲ್ಲೇ ಹೋಗಬೇಕು. ಮೊದಲಿಗೆ ಇದು ಕಿರಿಕಿರಿ ಅನ್ನಿಸಬಹುದು, ಹಿರಿಯರಿಗೆ ಇದೇ ವರ. ಬೇಕಾದಲ್ಲಿ ಇಳಿದು, ಸಾಕಾದಾಗ ಮುಂದಿನ ಬಸ್ ಹತ್ತಬಹುದು. ಕೊನೆಯ ನಿಲ್ದಾಣದ ರಿವರ್‌ಸೈಡ್ ವಾಕ್ ನದಿಯ ಪಕ್ಕ ಒಂದೂವರೆ ಕಿಲೋಮೀಟರಿನಷ್ಟು ಗಟ್ಟಿ ನೆಲದ ದಾರಿ. ಪಾರ್ಕಿಂಗ್ ಬೆಳಗ್ಗೆಯೇ ತುಂಬಿಹೋಗುವುದರಿಂದ ಸ್ಪ್ರಿಂಗ್‌ಡೇಲ್‌ನಲ್ಲಿ ತಂಗಿ, ಊರಿನ ಬಸ್ಸಿನಲ್ಲೇ ಗೇಟಿಗೆ ಹೋಗುವುದು ಜಾಣತನ. ಪೂರ್ವಕ್ಕೆ ಹೊರಡುವಾಗ 1.8 ಕಿಲೋಮೀಟರ್ ಉದ್ದದ, 1930ರಲ್ಲಿ ತೆರೆದ ಸುರಂಗ ಸಿಗುತ್ತದೆ. ಒಳಗೆ ಗಾಢ ಕತ್ತಲೆ. ಬಾಯಿಗೆ ಬರುವ ಮೊದಲೇ ಹೆಡ್‌ಲೈಟ್ ಹಾಕಿ, ತಂಪು ಕನ್ನಡಕ ತೆಗೆಯಿರಿ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜಿನವರು ಬೇರೆ ಕನ್ನಡಕ ಕೈಗೆಟಕುವಂತೆ ಇಟ್ಟುಕೊಳ್ಳಿ.

ಬ್ರೈಸ್‌ನಲ್ಲಿ ಎತ್ತರದ ವಿಷಯ ಆಗಲೇ ಬಂತು. ಸನ್‌ರೈಸ್, ಸನ್‌ಸೆಟ್ ಪಾಯಿಂಟ್‌ಗಳ ನಡುವಿನ ಅಂಚಿನ ದಾರಿ ಸುಮಾರು 800 ಮೀಟರ್, ಟಾರು ಹಾಕಿದ್ದು, ಹೆಚ್ಚುಕಡಿಮೆ ಸಮತಟ್ಟು. ಅಷ್ಟು ನಡೆದರೆ ಬ್ರೈಸ್‌ನ ಸಾರ ಸಿಕ್ಕಂತೆ. ಕೆಳಗಿಳಿಯುವ ದಾರಿಗಳ ಮೋಸ ಏನೆಂದರೆ ಇಳಿಯುವಾಗ ಏನೂ ಅನ್ನಿಸುವುದಿಲ್ಲ, ಹತ್ತುವಾಗ ಗಾಳಿ ಸಾಲದು. ರಾತ್ರಿ ಅಂಚಿನ ಮೇಲಿನ ಹೋಟೆಲಿಗಿಂತ ಹದಿನೈದು ನಿಮಿಷ ಕೆಳಗಿರುವ ಟ್ರಾಪಿಕ್ ಊರಿನಲ್ಲಿ ಮಲಗಿ. ಅದು 1,900 ಮೀಟರ್ ಆಸುಪಾಸು, ನಿದ್ದೆ ಚೆನ್ನಾಗಿ ಬರುತ್ತದೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ.

ಬ್ರೈಸ್‌ನಿಂದ ಟೋರಿಗೆ ಹೋಗುವ 12ನೇ ನಂಬರಿನ ಹೆದ್ದಾರಿಗಾಗಿಯೇ ಈ ಸುತ್ತನ್ನು ಆರಿಸುವವರಿದ್ದಾರೆ. ಎಸ್ಕಲಾಂಟೆ ದಾಟಿದ ಮೇಲೆ ಬೋಲ್ಡರ್ ಊರಿನ ಮೊದಲು, ಎರಡೂ ಬದಿ ಪ್ರಪಾತವಿರುವ ಕಿರಿದಾದ ಬಂಡೆಯ ಬೆನ್ನಿನ ಮೇಲೆ ರಸ್ತೆ ಸಾಗುತ್ತದೆ. ಹಾಗ್ಸ್‌ಬ್ಯಾಕ್ ಎನ್ನುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಕಣ್ಣು ಮುಚ್ಚಿ ಕೂರುವವರಿಗೆ ಇದು ಆಗಿಬರದು. ಅಂಥವರು ಜಯಾನ್, ಬ್ರೈಸ್ ಎರಡನ್ನೇ ನೋಡಿ, ಬ್ರೈಸ್‌ನಿಂದ ನೇರ ವೇಗಸ್‌ಗೆ 420 ಕಿಲೋಮೀಟರ್ ಬಂದುಬಿಟ್ಟರೆ ಐದು ದಿನದ ಅಚ್ಚುಕಟ್ಟಾದ ಪ್ರವಾಸ. ನಿಜ ಹೇಳಬೇಕೆಂದರೆ ಮೊದಲ ಸಲ ಹೋಗುವವರಲ್ಲಿ ಹೆಚ್ಚಿನವರಿಗೆ ಇದೇ ಸಾಕು. ಐದೂ ಉದ್ಯಾನ ಬೇಕೆಂದರೆ ಹತ್ತು ದಿನ ಕೊಡಿ. ಏಳು ದಿನದಲ್ಲಿ ಮುಗಿಸಿದರೆ ನೆನಪಿನಲ್ಲಿ ಉಳಿಯುವುದು ವಿಂಡ್‌ಶೀಲ್ಡ್ ಅಷ್ಟೇ.

ತಿಂಗಳು: ಏಪ್ರಿಲ್ ಕೊನೆಯಿಂದ ಮೇ ಮಧ್ಯ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈನಲ್ಲಿ ಜಯಾನ್, ಮೋಬ್‌ಗಳಲ್ಲಿ ಮಧ್ಯಾಹ್ನ 38 ಡಿಗ್ರಿ ಮಾಮೂಲು, ಬ್ರೈಸ್ ಮಾತ್ರ 27ರ ಹತ್ತಿರ ತಂಪಾಗಿರುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಮಳೆಗಾಲ. ದೂರದಲ್ಲೆಲ್ಲೋ ಸುರಿದ ಮಳೆ, ತಲೆಯ ಮೇಲೆ ಮೋಡವೇ ಇಲ್ಲದ ಕೊರಕಲಿಗೆ ದಿಢೀರ್ ನುಗ್ಗುತ್ತದೆ. ಹೀಗಾಗಿ ವಾಪಸ್ ಟಿಕೆಟನ್ನು ಎರಡು ಮೂರು ವಾರ ಮುಂದಕ್ಕೆ ಹಾಕಿದರೆ ಯೂಟಾ ಕೈಗೆ ಸಿಗುತ್ತದೆ. ಹಾಕುವ ಮೊದಲು ಐ-94ರಲ್ಲಿ, ಅಂದರೆ ಅಲ್ಲಿ ಎಂದಿನವರೆಗೆ ಇರಬಹುದು ಎಂಬ ಪ್ರವೇಶ ದಾಖಲೆಯಲ್ಲಿ, ಬರೆದಿರುವ ಕೊನೆಯ ದಿನ ನೋಡಿಕೊಳ್ಳಿ. ವೀಸಾದ ಮೇಲಿನ ತಾರೀಕಿಗೂ ಅದಕ್ಕೂ ಸಂಬಂಧವಿಲ್ಲ.

ಡೆತ್ ವ್ಯಾಲಿ, ಜೋಶುವಾ ಟ್ರೀ: ನಡಿಗೆ ಕಡಿಮೆ, ಕಾಲದ ಹಟ ಜಾಸ್ತಿ

ಹೆಸರು ಕೇಳಿ ಹೆದರುವವರು ತಿಳಿಯಬೇಕಾದದ್ದು: ನವೆಂಬರ್‌ನಿಂದ ಮಾರ್ಚ್‌ವರೆಗೆ, ಕಾರಿನಿಂದ ಇಳಿದ ತಕ್ಷಣ ನೋಟ ಸಿಗುವ ಉದ್ಯಾನ ಇದರಷ್ಟು ಇನ್ನೊಂದಿಲ್ಲ. ಬೇಸಿಗೆಯಲ್ಲಿ ಹೋಗಲೇಬಾರದ್ದೂ ಇದೇ. ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಇಂದಿಗೂ ಜಗತ್ತಿನ ದಾಖಲೆ. ಜುಲೈನ ಸಾಧಾರಣ ಮಧ್ಯಾಹ್ನವೇ 46–47. ಬೆಂಗಳೂರಿನ 36ಕ್ಕೆ "ಉರಿ" ಎನ್ನುವವರು ಇದನ್ನು ಊಹಿಸಿಕೊಳ್ಳಲಾರರು. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ನೀರು ಕಳೆದುಕೊಂಡದ್ದು ಗೊತ್ತೇ ಆಗುವುದಿಲ್ಲ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಅಪಾಯ ಇಮ್ಮಡಿ.

ಲಾಸ್ ವೇಗಸ್‌ನಿಂದ ಫರ್ನೆಸ್ ಕ್ರೀಕ್‌ಗೆ ಸುಮಾರು 190 ಕಿಲೋಮೀಟರ್, ಎರಡೂವರೆ ಗಂಟೆ. ಪೆಟ್ರೋಲನ್ನು ದಾರಿಯ ಪಾರಂಪ್‌ನಲ್ಲೇ ತುಂಬಿಸಿ, ಒಳಗಿನ ಬಂಕುಗಳಲ್ಲಿ ಬೆಲೆ ಕಣ್ಣು ಕುಕ್ಕುತ್ತದೆ. ಎರಡು ರಾತ್ರಿ ಒಂದೇ ಕಡೆ ಉಳಿದರೆ ಸಾಕು, ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ತಪ್ಪುತ್ತದೆ. ಈ ದಾರಿಯ ದೊಡ್ಡ ಅನುಕೂಲವೇ ಅದು. ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಅಲ್ಲಿ ಉಪ್ಪಿನ ಬಯಲಿನ ಮೇಲೆ ಎಷ್ಟು ಬೇಕೋ ಅಷ್ಟು ನಡೆದು ತಿರುಗಬಹುದು. ನೇರ ಮೇಲಿನ ಡಾಂಟೆಸ್ ವ್ಯೂಗೆ ಕಾರೇ ಹತ್ತುತ್ತದೆ, 1,669 ಮೀಟರ್. ಕೊನೆಯ ಚೂರು ಕಡಿದಾದ ಏರು, ಇಳಿಯುವಾಗ ಬ್ರೇಕ್ ಒತ್ತಿಹಿಡಿಯದೆ ಕೆಳ ಗೇರ್‌ಗೆ ಹಾಕಿ. ಆಟೊಮ್ಯಾಟಿಕ್ ಕಾರಿನಲ್ಲೂ "ಎಲ್" ಗೇರೋ ಮ್ಯಾನ್ಯುವಲ್ ಗುಂಡಿಯೋ ಇರುತ್ತದೆ, ಎಲ್ಲಿದೆ ಎಂದು ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲೇ ನೋಡಿಕೊಳ್ಳಿ. 14 ಕಿಲೋಮೀಟರಿನ ಆರ್ಟಿಸ್ಟ್ಸ್ ಡ್ರೈವ್ ಒಮ್ಮುಖ ರಸ್ತೆ, ಮಧ್ಯಾಹ್ನ ನಾಲ್ಕರ ಮೇಲೆ ಬಣ್ಣ ಏಳುತ್ತದೆ. ಮೆಸ್ಕೀಟ್ ದಿಬ್ಬಗಳಲ್ಲಿ ಮಾತ್ರ ಮರಳಿನಲ್ಲಿ ಕಾಲು ಹೂತು ಮಂಡಿಗೆ ಪೆಟ್ಟು. ದೂರದಿಂದ ನೋಡಿದರೂ ನಷ್ಟವಿಲ್ಲ.

ಇಲ್ಲಿ ಕೈಕೊಡುವುದು ಸಾಮಾನ್ಯವಾಗಿ ಎರಡು: ಫೋನಿನ ಮ್ಯಾಪ್ ಮತ್ತು ಟೈರ್. ನೆಟ್‌ವರ್ಕ್ ಬಹುತೇಕ ಇಲ್ಲ, ಇದ್ದಾಗ ಮ್ಯಾಪ್ ಯಾವುದೋ ಪಾಳು ಗಾಡಿಜಾಡನ್ನು "ಹತ್ತಿರದ ದಾರಿ" ಎಂದು ತೋರಿಸಬಹುದು. ಟಾರು ರಸ್ತೆ ಬಿಟ್ಟು ಇಳಿಯಲೇಬೇಡಿ. ಚೂಪು ಕಲ್ಲು ಟೈರಿನ ಪಕ್ಕವನ್ನು ಸೀಳುತ್ತದೆ, ಬಾಡಿಗೆ ಕರಾರು ಸಾಮಾನ್ಯವಾಗಿ ಮಣ್ಣುರಸ್ತೆಯ ಹಾನಿಗೆ ಹೊಣೆ ಹೊರುವುದಿಲ್ಲ, ಟೋಯಿಂಗ್ ಖರ್ಚು ನಿಮ್ಮದೇ. ಕಾರು ನಿಂತರೆ ಕಾರಿನ ಬಳಿಯೇ ಇರಿ, ನಡೆದು ಸಹಾಯ ಹುಡುಕಬೇಡಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಬೇಕು.

ಜೋಶುವಾ ಟ್ರೀಗೆ ಇಲ್ಲಿಂದ ಸುಮಾರು ಐದು ಗಂಟೆ. ಒಳಗೆ ಪೆಟ್ರೋಲ್ ಇಲ್ಲ, ತಿಂಡಿ ಇಲ್ಲ, ಕುಡಿಯುವ ನೀರು ಅಂಚಿನ ಕೆಲವೇ ಕಡೆ. ಉತ್ತರದಿಂದ ಒಳಹೊಕ್ಕು ದಕ್ಷಿಣದ ಕಾಟನ್‌ವುಡ್ ಕಡೆಯಿಂದ ಹೊರಬಂದರೆ ಒಂದೇ ದಿನದಲ್ಲಿ ಎರಡು ಬಗೆಯ ಮರುಭೂಮಿ ನೋಡಿದಂತೆ. ಚೋಯಾ ಕಳ್ಳಿ ತೋಟದಲ್ಲಿ ಸೀರೆ ಸೆರಗು, ದುಪಟ್ಟಾ ಜೋಪಾನ. ಮುಳ್ಳಿನ ಉಂಡೆ ಅಂಟಿಕೊಂಡರೆ ಕೈಯಿಂದ ಕೀಳಬೇಡಿ, ಬಾಚಣಿಗೆಯಿಂದ ಕೊಂಡಿಹಾಕಿ ಎಗರಿಸಿ. ಮಗ ಮಗಳು ಲಾಸ್ ಏಂಜಲೀಸ್ ಕಡೆ ಇದ್ದರೆ ಇದೊಂದನ್ನೇ ಎರಡು ದಿನಕ್ಕೆ ನೋಡಿಬರಬಹುದು.

ಸಗ್ವಾರೋ: ಆರೋಗ್ಯದ ಭಯ ಇರುವವರಿಗೆ

ಇದು ಫೋಟೋದಲ್ಲಿ ಯೂಟಾ ಮುಂದೆ ಸೋಲುತ್ತದೆ, ನೆಮ್ಮದಿಯಲ್ಲಿ ಗೆಲ್ಲುತ್ತದೆ. ಉದ್ಯಾನದ ಎರಡು ಭಾಗಗಳು ಟೂಸಾನ್ ನಗರದ ಪೂರ್ವ ಪಶ್ಚಿಮಕ್ಕಿವೆ. ದೊಡ್ಡ ಆಸ್ಪತ್ರೆ, ಭಾರತೀಯ ದಿನಸಿ ಅಂಗಡಿ, ಹೋಟೆಲು ಎಲ್ಲ ಅರ್ಧ ಗಂಟೆಯೊಳಗೆ. ನಗರದ ಎತ್ತರ ಬೆಂಗಳೂರಿಗಿಂತ ಕಡಿಮೆ. ಫೀನಿಕ್ಸ್‌ನಿಂದ ಎರಡು ಗಂಟೆಗೂ ಕಡಿಮೆ ದಾರಿ. ಪೂರ್ವ ಭಾಗದ 13 ಕಿಲೋಮೀಟರ್ ಟಾರು ಸುತ್ತನ್ನು ಆರಿಸಿ. ಪಶ್ಚಿಮದ ಬಹಾದಾ ಲೂಪ್ ಮಣ್ಣುರಸ್ತೆ. ಉದ್ಯಾನಕ್ಕೆ ಹೆಸರು ಕೊಟ್ಟ ಕಂಬದಂಥ ಸಗ್ವಾರೋ ಕಳ್ಳಿಗೆ ಮೊದಲ ಕೊಂಬೆ ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು ಎಂದು ತಿಳಿದು ನೋಡಿದರೆ ಪ್ರತಿ ಗಿಡವೂ ಬೇರೆಯೇ ಕಾಣುತ್ತದೆ. ನವೆಂಬರ್‌ನಿಂದ ಮಾರ್ಚ್ ಹಿತ, ಜೂನ್‌ನಲ್ಲಿ 38 ದಾಟುತ್ತದೆ.

ಉತ್ತರಕ್ಕೆ ಮುಂದುವರಿದು ಪೆಟ್ರಿಫೈಡ್ ಫಾರೆಸ್ಟ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಸೇರಿಸಬಹುದು. ಆದರೆ ದಕ್ಷಿಣ ಅಂಚು 2,100 ಮೀಟರ್, ಚಳಿಗಾಲದಲ್ಲಿ ಹಿಮ. ಒಂದೇ ಪೆಟ್ಟಿಗೆಯಲ್ಲಿ ಹತ್ತಿ ಅಂಗಿಯೂ ಉಣ್ಣೆ ಕೋಟೂ ಹೋಗಬೇಕು. ಗಡಿಯಾರದ ಗೊಂದಲವೂ ಇದೆ: ಅರಿಜೋನಾ ಬೇಸಿಗೆಗೆ ಗಂಟೆ ಮುಂದೂಡುವುದಿಲ್ಲ, ಅದರೊಳಗಿನ ನವಾಹೋ ಮೂಲನಿವಾಸಿಗಳ ಪ್ರದೇಶ ಮುಂದೂಡುತ್ತದೆ. ಮಾನ್ಯುಮೆಂಟ್ ವ್ಯಾಲಿ ನವಾಹೋ ಜನರದ್ದು, ಅಲ್ಲಿ 250 ಡಾಲರ್ ಪಾಸ್ ನಡೆಯುವುದಿಲ್ಲ.

ಕಛ್: ಸ್ಟೀರಿಂಗ್ ಬೇರೆಯವರ ಕೈಲಿ

ಬೆಂಗಳೂರಿನಿಂದ ಅಹಮದಾಬಾದ್‌ಗೆ ನೇರ ವಿಮಾನ, ಅಲ್ಲಿಂದ ಡ್ರೈವರ್ ಸಮೇತ ಕಾರು. ಎರಡು ಗಂಟೆಯಲ್ಲಿ ದಸಾಡಾ ಅಥವಾ ಝೈನಾಬಾದ್, ಅಲ್ಲಿ ಚಿಕ್ಕ ರಣ್ ಎಂಬ ಉಪ್ಪಿನ ಬಯಲಿನ ಕಾಡುಕತ್ತೆಗಳ ಅಭಯಾರಣ್ಯ, ಸುಮಾರು 4,950 ಚದರ ಕಿಲೋಮೀಟರ್. ಸಫಾರಿ ಜೀಪ್ ಸೊಂಟ ಅಲುಗಿಸುತ್ತದೆ. ಬೆನ್ನುನೋವಿರುವವರು ಮುಂದಿನ ಸೀಟು ಕೇಳಿ ಪಡೆಯಿರಿ, ಹಿಂದಿನ ಅಡ್ಡ ಬೆಂಚು ಬೇಡ. ಮುಂದೆ ಭುಜ್‌ಗೆ ಐದು ಗಂಟೆ. ಭುಜ್‌ನಲ್ಲಿ ಮೂರು ರಾತ್ರಿ ನೆಲೆಸಿ 80 ಕಿಲೋಮೀಟರ್ ದೂರದ ಧೋರ್ಡೊದ ಬಿಳಿ ರಣ್ ಒಂದು ದಿನ, ಖಾವ್ಡಾದಿಂದ ಉಪ್ಪಿನ ಬಯಲನ್ನು ಸೀಳಿಹೋಗುವ ರಸ್ತೆಯಲ್ಲಿ ಧೋಲಾವೀರಾ ಇನ್ನೊಂದು ದಿನ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಹರಪ್ಪಾ ನಗರದಲ್ಲಿ ನೆರಳು ಕಡಿಮೆ, ಬೆಳಗ್ಗೆ ಹತ್ತರೊಳಗೆ ಮುಗಿಸಿ.

ಉಪ್ಪು ಗಟ್ಟಿಯಾಗಿ ಬೆಳ್ಳಗಾಗುವುದು ಡಿಸೆಂಬರ್‌ನಿಂದ ಫೆಬ್ರವರಿ. ಅಕ್ಟೋಬರ್‌ನಲ್ಲಿ ಹೋದರೆ ಕೆಸರು ನೀರು ನೋಡಿ ಬರಬೇಕಾಗುತ್ತದೆ. ಹುಣ್ಣಿಮೆಯ ವಾರ ಟೆಂಟ್ ಬಾಡಿಗೆ ಏರುತ್ತದೆ, ಹುಣ್ಣಿಮೆ ಕಳೆದು ಮೂರು ದಿನಕ್ಕೆ ಹೋದರೂ ಬೆಳದಿಂಗಳು ಸಾಕಷ್ಟಿರುತ್ತದೆ. ಬಿಳಿ ರಣ್‌ಗೆ ಪರವಾನಗಿ ಬೇಕು, ಆಧಾರ್ ಕಾರ್ಡಿನ ಮೂಲಪ್ರತಿ ಜೊತೆಗಿರಲಿ. ಊಟದ ಚಿಂತೆ ಇಲ್ಲವೇ ಇಲ್ಲ. ಕೊರತೆ ಶೌಚಾಲಯದ್ದು: ಭುಜ್ ಬಿಟ್ಟರೆ ದೂರ ದೂರ.

ಜೈಸಲ್ಮೇರ್ ಏಕೆ ಪಟ್ಟಿಯಲ್ಲಿಲ್ಲ ಎಂದರೆ, ಮರಳ ದಿಬ್ಬ, ಒಂಟೆ, ಕೋಟೆ ಬೇಕಾದವರಿಗೆ ಅದು ಒಳ್ಳೆಯದೇ, ಆದರೆ ರಸ್ತೆಯುದ್ದಕ್ಕೂ ನೋಟ ಬದಲಾಗುವ ಕಾರ್ ಪ್ರವಾಸಕ್ಕೆ ಕಛ್ ಮೇಲು.

ಹಾಗಾದರೆ ಯಾರಿಗೆ ಯಾವುದು

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಕೊನೆ–ಅಕ್ಟೋಬರ್‌ನಲ್ಲಿ ಅಲ್ಲಿದ್ದು, ಹೃದಯ ಗಟ್ಟಿಯಿದ್ದರೆ ಯೂಟಾ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಕ್ಕಳೇ ಓಡಿಸಿಕೊಂಡು ಹೋಗುವುದಾದರೆ ಡೆತ್ ವ್ಯಾಲಿ. ಆ ವಾರ ಕೊಠಡಿಗೆ ನೂಕುನುಗ್ಗಲು, ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ಸ್ಟೆಂಟ್ ಹಾಕಿಸಿಕೊಂಡವರು, ಆಸ್ಪತ್ರೆ ಹತ್ತಿರ ಇರಲೇಬೇಕೆನ್ನುವವರು ಚಳಿಗಾಲದಲ್ಲಿ ಸಗ್ವಾರೋ. ಬಲಬದಿ ಓಡಿಸುವ ಧೈರ್ಯವಿಲ್ಲ, ಮಕ್ಕಳಿಗೆ ರಜೆಯಿಲ್ಲ ಎನ್ನುವವರು ಜನವರಿಯಲ್ಲಿ ಕಛ್. ಜೂನ್‌ನಿಂದ ಆಗಸ್ಟ್ ಮಾತ್ರ ಬಿಡುವು ಎನ್ನುವವರು ಬ್ರೈಸ್ ಒಂದನ್ನು ಬಿಟ್ಟು ಮರುಭೂಮಿಯನ್ನೇ ಕೈಬಿಡಿ.

ಮೋಟಾರ್ ಹೋಂ ಬಗ್ಗೆ ಆಸೆಪಡುವವರಿಗೆ ಒಂದು ಮಾತು. ಆಲ್ಟೊ, ಐ10 ಓಡಿಸಿದ ಕೈಗೆ ಏಳೆಂಟು ಮೀಟರ್ ಗಾಡಿ ಹೊಸದು, ಗಾಳಿ ಬೀಸಿದರೆ ತೂಗುತ್ತದೆ, ದಿನಾ ಕೊಳಚೆ ಟ್ಯಾಂಕ್ ಖಾಲಿ ಮಾಡುವ ಕೆಲಸ ಬೇರೆ. ಡಾಂಟೆಸ್ ವ್ಯೂ, ಆರ್ಟಿಸ್ಟ್ಸ್ ಡ್ರೈವ್‌ಗಳಿಗೆ 25 ಅಡಿ ಮೀರಿದ್ದನ್ನು ಬಿಡುವುದೇ ಇಲ್ಲ. ಸಾಧಾರಣ ಕಾರು, ಮೈಕ್ರೊವೇವ್ ಮತ್ತು ಫ್ರಿಜ್ ಇರುವ ಮೋಟೆಲ್ ಕೊಠಡಿ ಸಾಕು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಊರಿಂದ ಒಯ್ಯಿರಿ. ಎಲೆಕ್ಟ್ರಿಕ್ ಕುಕ್ಕರ್ ಮಾತ್ರ ಬೇಡ: ನಮ್ಮದು 230 ವೋಲ್ಟಿನದು, ಅಲ್ಲಿನ 120ಕ್ಕೆ ಅನ್ನ ಬೇಯುವುದಿಲ್ಲ. ಚಿಕ್ಕದೊಂದನ್ನು ಅಲ್ಲೇ ಕೊಳ್ಳಿ.

ಓಡಿಸುವವರು ಹೊರಡುವ ಮುನ್ನ ನಿಮ್ಮ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ, ಆದರೆ ಮೂಲ ಲೈಸೆನ್ಸ್ ಅದಕ್ಕೂ ಮೊದಲು ಮುಗಿದರೆ ಇದೂ ಮುಗಿಯಿತು. ಐವತ್ತೈದು ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ ಬೇಡುವುದರಿಂದ ಮೊದಲು ಆ ತಾರೀಕು ನೋಡಿ. ಬಾಡಿಗೆ ಕೌಂಟರ್‌ನಲ್ಲಿ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಗಂಡನ ಕಾರ್ಡ್ ಹೆಂಡತಿಗೆ ನಡೆಯದು. ಬಂಕಿನ ಯಂತ್ರ ಐದಂಕಿಯ ಅಲ್ಲಿನ ಪಿನ್‌ಕೋಡ್ ಕೇಳಿದರೆ ನಮ್ಮ 560 ಶುರುವಿನ ಆರಂಕಿ ಹಿಡಿಸುವುದಿಲ್ಲ. ಒಳಗೆ ಹೋಗಿ ಪಂಪ್ ನಂಬರ್ ಹೇಳಿ ಮೊದಲೇ ದುಡ್ಡು ಕಟ್ಟಿ. ಅಲ್ಲಿ ಹಸಿರು ಹಿಡಿಕೆಯ ಪಂಪ್ ಹೆಚ್ಚಾಗಿ ಡೀಸೆಲ್, ಎತ್ತುವ ಮೊದಲು ಓದಿ. ಇನ್ಸುಲಿನ್ ಇದ್ದವರು ಊಟಕ್ಕೆ ಇಳಿದಾಗಲೂ ಅದನ್ನು ಕಾರಿನಲ್ಲಿ ಬಿಡಬೇಡಿ. ಮುಚ್ಚಿದ ಕಾರು ಹತ್ತೇ ನಿಮಿಷದಲ್ಲಿ ಒಲೆಯಾಗುತ್ತದೆ.